ಜೇಬಿಗೆ ಎರಡನೇ ಚಾಕು: ಮೊದಲನೆಯದರ ಕೊರತೆ ಅರಿತು ಕೊಳ್ಳುವ ಬಗೆ

ಕೆಂಪು ಹಿಡಿಯ ಮೇಲೆ ಬಿಳಿ ಶಿಲುಬೆಯ ಗುರುತಿರುವ ಸ್ವಿಸ್ ಚಾಕು ಎಷ್ಟೋ ಕನ್ನಡಿಗರ ಕೈಗೆ ಬಂದದ್ದು ಉಡುಗೊರೆಯಾಗಿ. ಕಂಪನಿ ಕೆಲಸದ ಮೇಲೆ ಜ್ಯೂರಿಕ್‌ಗೆ ಹೋದ ಮಗ ಅಪ್ಪನಿಗೆಂದು ತರುತ್ತಾನೆ. ಅಪ್ಪ ಒಂದು ತಿಂಗಳು ಅದನ್ನು ಷೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಆಮೇಲೊಂದು ದಿನ ಕೊರಿಯರ್ ಪೆಟ್ಟಿಗೆಯ ಟೇಪು ಕತ್ತರಿಸಲು ಹೊರಗೆ ಬಂದ ಚಾಕು ಮತ್ತೆ ಷೋಕೇಸಿಗೆ ಹೋಗುವುದಿಲ್ಲ. ಕನ್ನಡಕ, ಪೆನ್ನು, ಬೀಗದ ಕೈಗಳ ಜೊತೆ ಅದಕ್ಕೂ ಜೇಬಿನಲ್ಲಿ ಒಂದು ಜಾಗ ಕಾಯಂ ಆಗುತ್ತದೆ.

ಹೀಗೆ ರೂಢಿಯಾದವರಿಗೆ ನಾಲ್ಕೈದು ವರ್ಷಗಳಲ್ಲಿ ಎರಡನೆಯದೂ ಬೇಕೆನಿಸುತ್ತದೆ. ಈ ಸಲ ಬೇರೆ ಕಂಪನಿಯದನ್ನು ನೋಡೋಣ ಎಂಬ ಕುತೂಹಲ ಸಹಜ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಕಣ್ಣು ಹೋಗುವುದು ದಪ್ಪ ಅಲಗು, ಕಪ್ಪು ಲೇಪ, ಸಿನಿಮಾದಲ್ಲಿ ಕಂಡಂಥ ಆಕಾರಗಳ ಕಡೆಗೆ. ಮನೆಗೆ ತಂದ ಮೇಲೆ ತಿಳಿಯುತ್ತದೆ, ಅದು ಮೊದಲಿನ ಚಾಕು ಮಾಡುತ್ತಿದ್ದ ಕೆಲಸವನ್ನೇ ಮೂರು ಪಟ್ಟು ಭಾರ ಹೊತ್ತು ಮಾಡುತ್ತಿದೆ ಎಂದು. ಎರಡು ವಾರದಲ್ಲಿ ಮೇಜಿನ ಡ್ರಾಯರ್ ಸೇರುತ್ತದೆ. ಎರಡನೇ ಚಾಕು ಜೇಬಿನಲ್ಲಿ ಉಳಿಯಬೇಕಾದರೆ ಮೊದಲನೆಯದು ಎಲ್ಲಿ ಸೋಲುತ್ತದೆ ಎಂಬುದು ದುಡ್ಡು ಕೊಡುವ ಮೊದಲೇ ಗೊತ್ತಿರಬೇಕು. ಆ ಸೋಲನ್ನು ತುಂಬಬಲ್ಲವರು ಯಾರೋ ಅವರ ಚಾಕುವೇ ಸರಿಯಾದ ಆಯ್ಕೆ.

ಉದಾಹರಣೆಗೆ ಇಲ್ಲಿ ತೆಗೆದುಕೊಂಡಿರುವುದು ವಿಕ್ಟೋರಿನಾಕ್ಸ್ ಕಂಪನಿಯ ಸ್ಪಾರ್ಟನ್ ಮಾದರಿ. ಮಡಿಸಿದಾಗ 91 ಮಿ.ಮೀ. ಉದ್ದ, ತೂಕ ಸುಮಾರು 60 ಗ್ರಾಂ. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ತೆರೆದ ಕಾರ್ಯಾಗಾರದಿಂದ ಈ ಕಂಪನಿ ಬೆಳೆಯಿತು. 1891ರಲ್ಲಿ ಸೈನ್ಯಕ್ಕೆ ಚಾಕು ಕೊಡಲಾರಂಭಿಸಿದ ಎಲ್ಸೆನರ್, 1897ರ ಜೂನ್ 12ರಂದು ಅಧಿಕಾರಿಗಳ ಚಾಕುವಿನ ಹಕ್ಕನ್ನು ನೋಂದಾಯಿಸಿಕೊಂಡರು. ಅದರ ಜಾಣತನವಿದ್ದದ್ದು ಬೆನ್ನಿನ ಸ್ಪ್ರಿಂಗಿನಲ್ಲಿ: ಒಂದೇ ಸ್ಪ್ರಿಂಗು ಹಿಡಿಯ ಎರಡೂ ಮಗ್ಗುಲಿನ ಉಪಕರಣಗಳನ್ನು ಒತ್ತಿ ಹಿಡಿಯುತ್ತಿತ್ತು. ಎರಡು ಅಲಗು, ಬಿರಡೆ ತೆಗೆಯುವ ತಿರುಪು, ಡಬ್ಬಿ ಮತ್ತು ಬಾಟಲಿಯ ಓಪನರ್, ರಂಧ್ರ ಕೊರೆಯುವ ಮೊಳೆ ಇರುವ ಇಂದಿನ ಸ್ಪಾರ್ಟನ್ ಅದೇ ವಂಶದ ಕುಡಿ.

ಒಂದು ವಾರದ ಲೆಕ್ಕ

ಮೊದಲ ಹೆಜ್ಜೆಗೆ ಖರ್ಚಿಲ್ಲ. ಒಂದು ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಏಳು ದಿನ ಚಾಕು ತೆಗೆದಾಗಲೆಲ್ಲ ಒಂದು ಸಾಲು ಬರೆಯಬೇಕು: ಏನು ಕತ್ತರಿಸಿದ್ದು, ಎಲ್ಲಿ ತಡವರಿಸಿದ್ದು, ಚಾಕು ಬಿಟ್ಟು ಬೇರೆ ಏನನ್ನಾದರೂ ಹುಡುಕಬೇಕಾಯಿತೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರ ಚೀಟಿಯಲ್ಲಿ ಟೇಪು, ರಟ್ಟು, ಸೇಬು, ಮಾತ್ರೆಯ ಪಟ್ಟಿ ಬರುತ್ತವೆ. ತೀರ್ಥಹಳ್ಳಿಯ ತೋಟದವರ ಚೀಟಿಯಲ್ಲಿ ಡ್ರಿಪ್ ಪೈಪು, ತೆಂಗಿನ ನಾರಿನ ಹಗ್ಗ, ಗೊಬ್ಬರದ ಚೀಲದ ಹೊಲಿಗೆ, ಕಸಿ ಕಟ್ಟುವ ಪಟ್ಟಿ. ಎರಡು ಚೀಟಿಗೂ ಒಂದೇ ಚಾಕು ಹೊಂದುವುದಿಲ್ಲ. ಇನ್ನೊಬ್ಬರ ಶಿಫಾರಸು ಬಹಳ ಸಲ ಕೈಕೊಡುವುದು ಇದೇ ಕಾರಣಕ್ಕೆ.

ಸ್ಪಾರ್ಟನ್ ಇಟ್ಟುಕೊಂಡವರ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ತಕರಾರು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಬೆರಳಿಗೆ ಸಂಬಂಧಿಸಿದ್ದು. ದಪ್ಪ ರಟ್ಟಿಗೆ ಮೊನೆ ಚುಚ್ಚಿ ಕೆಳಗೆ ಎಳೆಯುತ್ತಾ ಬಂದಾಗ ಅಲಗು ನಡುವೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಕೈ ತುಸು ಮೇಲಕ್ಕೆ ಎತ್ತಿದರೆ ಒತ್ತಡ ಅಲಗಿನ ಬೆನ್ನಿನ ಮೇಲೆ ಬೀಳುತ್ತದೆ. ಈ ಚಾಕುವಿಗೆ ಚಿಲಕವಿಲ್ಲ, ಸ್ಪ್ರಿಂಗಿನ ಬಿಗಿ ಮಾತ್ರ. ಆ ಬಿಗಿ ಸೋತ ಕ್ಷಣ ಅಲಗು ಪಟ್ಟನೆ ಮಡಚಿ ತೋರುಬೆರಳಿನ ಎರಡನೇ ಗೆಣ್ಣಿನ ಮೇಲೆ ಬಂದು ಕೂರುತ್ತದೆ. ಒಮ್ಮೆ ಹಾಗಾದವರು ಆಮೇಲೆ ಜೀವಮಾನವಿಡೀ ರಟ್ಟು ಕಂಡರೆ ಹುಷಾರಾಗುತ್ತಾರೆ.

ಎರಡನೆಯದು ಹಣ್ಣಿನ ತಕರಾರು. ಮಾವಿನ ರಸ, ಹಲಸಿನ ಮೇಣ ಒಂದು ಸಲ ಚಾಕುವಿನ ಉಪಕರಣಗಳ ಪದರಗಳ ನಡುವೆ ಇಳಿದರೆ ಹಲ್ಲುಜ್ಜುವ ಬ್ರಷ್ಷು, ಬಿಸಿನೀರು, ಸೋಪು ಎಲ್ಲ ಬಂದರೂ ಪೂರ್ತಿ ಹೋಗುವುದಿಲ್ಲ. ಬೆಳಿಗ್ಗೆ ಗೊಬ್ಬರದ ಚೀಲ ಬಿಚ್ಚಿದ ಅಲಗಿನಿಂದಲೇ ಸಂಜೆ ಮೊಮ್ಮಗಳಿಗೆ ಸೀಬೆಹಣ್ಣು ಹೆಚ್ಚಿಕೊಡುವುದು ಸರಿಯೂ ಅಲ್ಲ. ಸಸ್ಯಾಹಾರ, ಮಾಂಸಾಹಾರ ಎರಡೂ ನಡೆಯುವ ಮನೆಗಳಲ್ಲಂತೂ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿ ಊಟದ ಚಾಕು ಬೇರೆ ಇದ್ದರೆ ಯಾರ ಮನಸ್ಸಿಗೂ ಕಸಿವಿಸಿಯಿಲ್ಲ. ಮೂರನೆಯದು ಸಣ್ಣದು: ಒದ್ದೆ ಕೈಯಲ್ಲಿ, ಉಗುರು ಕತ್ತರಿಸಿದ ದಿನ, ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ತೆರೆಯುವುದು ಕಷ್ಟ.

ಚೀಟಿಯಲ್ಲಿ ಯಾವ ತಕರಾರೂ ಇಲ್ಲದಿದ್ದರೆ ಎರಡನೇ ಚಾಕು ಸದ್ಯಕ್ಕೆ ಬೇಡ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಸಾಣೆಕಲ್ಲು ತಂದು ಇರುವ ಚಾಕುವನ್ನೇ ಮಸೆದರೆ ಹೊಸದು ಬಂದಷ್ಟೇ ಸಂತೋಷವಾಗುತ್ತದೆ.

ಕಾನೂನು ಮೊದಲು, ಚಿಲಕ ಆಮೇಲೆ

ಕೊರತೆ ಗೊತ್ತಾದ ಮೇಲೆ ಚಾಕು ಎಲ್ಲೆಲ್ಲಿ ಓಡಾಡುತ್ತದೆ ಎಂದು ಯೋಚಿಸಬೇಕು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕು, ಕತ್ತಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದೇ ಮಾಡಿದವನ್ನು ಹೊರಗಿಡುತ್ತವೆ. ಜೇಬಿನ ಚಾಕು ಈ ಅಳತೆಗಿಂತ ಬಹಳ ಚಿಕ್ಕದು. ಆದರೂ ಗುಂಡಿ ಒತ್ತಿದರೆ ಚಿಮ್ಮಿ ಹೊರಬರುವ ಬಗೆಯನ್ನು ಕೊಳ್ಳಲೇಬಾರದು. ದೆಹಲಿಯಲ್ಲಿ 1980ರಿಂದಲೂ ಇರುವ ಒಂದು ಅಧಿಸೂಚನೆ ಅಂಥ ಚಾಕುಗಳಿಗೆ ಬರೀ 7.62 ಸೆಂ.ಮೀ. ಅಲಗಿನ ಮಿತಿ ಹಾಕಿದೆ. ಚುನಾವಣೆ, ಗಲಭೆಯ ಹೊತ್ತಿನಲ್ಲಿ ನಮ್ಮ ಊರುಗಳಲ್ಲೂ ನಿಷೇಧಾಜ್ಞೆ ಬಂದು ಆಯುಧ ಒಯ್ಯುವುದಕ್ಕೆ ತಡೆ ಬೀಳುತ್ತದೆ. ಆ ದಿನಗಳಲ್ಲಿ ಚಾಕು ಮನೆಯಲ್ಲಿರಲಿ. ವಿಮಾನದಲ್ಲಿ ಅದರ ಜಾಗ ಚೆಕ್-ಇನ್ ಬ್ಯಾಗು ಮಾತ್ರ. ಕೈಚೀಲದಲ್ಲಿ ಮರೆತರೆ ತಪಾಸಣೆಯ ಕಟ್ಟೆಯಲ್ಲೇ ಬಿಟ್ಟು ಬರಬೇಕು. ಮೆಟ್ರೊ, ಕೋರ್ಟು, ಸಿನಿಮಾ ಮಂದಿರಗಳ ತಪಾಸಣೆಯಲ್ಲೂ ತಡೆಯುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರು ಇನ್ನಷ್ಟು ಎಚ್ಚರವಾಗಿರಬೇಕು. ಬ್ರಿಟನ್ನಿನಲ್ಲಿ ಸಕಾರಣವಿಲ್ಲದೆ ಒಯ್ಯಬಹುದಾದದ್ದು 3 ಇಂಚಿಗಿಂತ ಚಿಕ್ಕ ಬಾಯಿಯ, ಮಡಿಸುವ, ಚಿಲಕವಿಲ್ಲದ ಚಾಕು ಮಾತ್ರ. ಅಂದರೆ ಲಂಡನ್ನಿನಲ್ಲಿರುವ ಮಗಳಿಗೆ ಸ್ಪಾರ್ಟನ್ ಜೇಬಿನಲ್ಲಿಟ್ಟುಕೊಳ್ಳಬಹುದು, ಚಿಲಕದ ಚಾಕು ಆಗದು. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಚಿಲಕ ಬೀಳುವ ಚಾಕುವನ್ನು ಸಾರ್ವಜನಿಕ ಜಾಗದಲ್ಲಿ ಸಕಾರಣವಿಲ್ಲದೆ ಒಯ್ಯುವಂತಿಲ್ಲ. ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಚಾಕು ಒಯ್ಯುವ ನಿರ್ಬಂಧಗಳು ಹೆಚ್ಚುತ್ತಿರುವುದನ್ನು ಕಂಡು ಅಲಗೇ ಇಲ್ಲದ ಜೇಬಿನ ಉಪಕರಣವೊಂದನ್ನು ರೂಪಿಸುತ್ತಿರುವುದಾಗಿ ವಿಕ್ಟೋರಿನಾಕ್ಸ್ 2024ರಲ್ಲಿ ಹೇಳಿತು. ಆತ್ಮರಕ್ಷಣೆಗೆಂದು ಚಾಕು ಕೊಳ್ಳುವ ಯೋಚನೆಯಿದ್ದರೆ ಅದನ್ನು ಇಲ್ಲೇ ಬಿಡಬೇಕು. ಜಗಳದಲ್ಲಿ ತೆಗೆದ ಚಾಕು ತೆಗೆದವರ ಮೇಲೇ ಗಾಯ ಮತ್ತು ಮೊಕದ್ದಮೆ ಎರಡನ್ನೂ ತರುತ್ತದೆ.

ಇಷ್ಟು ನೋಡಿಕೊಂಡು ಚಿಲಕ ಬೇಕೆಂದಾದರೆ ಆಯ್ಕೆ ಅನೇಕ. ಬೆನ್ನಿನ ಮೇಲೆ ಒತ್ತಿ ಬಿಡಿಸುವ ಚಿಲಕವನ್ನು ಜನಪ್ರಿಯಗೊಳಿಸಿದ್ದು 1960ರ ದಶಕದಲ್ಲಿ ಬಂದ ಅಮೆರಿಕದ ಬಕ್ 110. ಅದು ಗಟ್ಟಿ ಚಾಕು, ಆದರೆ ತೂಕ 200 ಗ್ರಾಂ ಆಸುಪಾಸು. ಪಂಚೆ, ಪೈಜಾಮದ ಜೇಬು ತಡೆಯುವುದಿಲ್ಲ, ಸೊಂಟದ ಪಟ್ಟಿಗೆ ಚರ್ಮದ ಚೀಲ ಬೇಕು. ಹಿಡಿಯ ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆತುಕೊಳ್ಳುವ ಲೈನರ್ ಲಾಕ್ ಇಂದು ಅಗ್ಗದ ಚಾಕುಗಳಲ್ಲೂ ಇದೆ. ಅದು ಸಾಮಾನ್ಯವಾಗಿ ಬಲಗೈಯವರಿಗೆ ಹೊಂದುವಂತೆ ಮಾಡಿದ್ದು, ಎಡಚರು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು. ಅಡ್ಡ ಕಂಬಿಯೊಂದು ಹಿಂದೆ ಮುಂದೆ ಜಾರುವ, ಎರಡೂ ಕೈಗೆ ಹೊಂದುವ ಚಿಲಕವನ್ನು ಅಮೆರಿಕದ ಬೆಂಚ್‌ಮೇಡ್ 1998ರಲ್ಲಿ ತಂದಿತು. ಈಗ ಬೇರೆ ತಯಾರಕರೂ ಆ ಬಗೆಯನ್ನು ಬಳಸುತ್ತಾರೆ.

ಇವೆಲ್ಲಕ್ಕಿಂತ ಸರಳವಾದದ್ದು ಫ್ರಾನ್ಸಿನಲ್ಲಿದೆ.

ಉಂಗುರ ತಿರುಗಿಸಿದರೆ ಬೀಗ

ಆಲ್ಪ್ಸ್ ಬೆಟ್ಟಗಳ ಮಡಿಲಿನ ಸವೊಯಿ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ 1890ರಲ್ಲಿ ರೈತರು ಒಯ್ಯುವಂಥ ಚಾಕು ಮಾಡಿದ. ಮರದ ಹಿಡಿ, ಒಂದೇ ಅಲಗು, ಕೀಲಿನ ಸುತ್ತ ಒಂದು ಲೋಹದ ಪಟ್ಟಿ, ಅಷ್ಟೆ. 1897ರಲ್ಲಿ, ಎಲ್ಸೆನರ್ ತಮ್ಮ ಚಾಕುವನ್ನು ನೋಂದಾಯಿಸಿದ ಅದೇ ವರ್ಷ, ಒಪಿನೆಲ್ ಚಾಕುಗಳಿಗೆ 1ರಿಂದ 12ರವರೆಗೆ ಅಳತೆಯ ನಂಬರು ಬಿತ್ತು. 1 ಮತ್ತು 11ನೇ ನಂಬರು ಮುಂದೆ ನಿಂತುಹೋದವು. ಜೇಬಿಗೆ ಹೆಚ್ಚು ಮಂದಿ ಆರಿಸುವುದು 8ನೇ ನಂಬರು: ಅಲಗು 8.5 ಸೆಂ.ಮೀ., ತೂಕ ಸುಮಾರು 45 ಗ್ರಾಂ. ಅಂದರೆ ಸ್ಪಾರ್ಟನ್‌ಗಿಂತ ಉದ್ದದ ಅಲಗು, ಅದಕ್ಕಿಂತ ಹಗುರ ಮೈ. ಚಿಕ್ಕ ಕೈಯವರಿಗೆ 7ನೇ ನಂಬರು ಸಾಕು.

ಇದರ ಚಿಲಕವನ್ನು ಹತ್ತಿರದಿಂದ ನೋಡಬೇಕು. ಹಿಡಿಯ ಕೊರಳಿನಲ್ಲಿ ಉಕ್ಕಿನ ಉಂಗುರವೊಂದು ಸುತ್ತಿಕೊಂಡಿದೆ, ಅದರಲ್ಲಿ ಅಲಗು ಹಾದುಹೋಗುವಷ್ಟು ಸಂದು. ಅಲಗು ತೆರೆದ ಮೇಲೆ ಹೆಬ್ಬೆರಳಿನಿಂದ ಉಂಗುರವನ್ನು ಕಾಲು ಸುತ್ತು ತಿರುಗಿಸಿದರೆ ಸಂದು ಪಕ್ಕಕ್ಕೆ ಹೋಗಿ, ಉಂಗುರದ ಗಟ್ಟಿ ಭಾಗ ಅಲಗಿನ ಬುಡಕ್ಕೆ ಅಡ್ಡ ಬರುತ್ತದೆ. ಇನ್ನು ಬೆನ್ನಿನ ಮೇಲೆ ಎಷ್ಟು ಒತ್ತಿದರೂ ಅಲಗು ಬೆರಳಿನ ಕಡೆ ಬಾಗುವುದಿಲ್ಲ. ಕುಟುಂಬದ ಮುಂದಿನ ತಲೆಮಾರಿನ ಮಾರ್ಸೆಲ್ ಒಪಿನೆಲ್ 1955ರಲ್ಲಿ ಮಾಡಿದ ಈ ವಿರೋಬ್ಲಾಕ್ ಉಂಗುರ ಎಡಗೈ, ಬಲಗೈ ಎಂದು ಭೇದ ಮಾಡುವುದಿಲ್ಲ. ರಟ್ಟಿನಲ್ಲಿ ಬೆರಳು ಕುಯ್ದುಕೊಂಡವರ ತಕರಾರಿಗೆ ಇದು ನೇರ ಉತ್ತರ. ಹಣ್ಣಿನ ತಕರಾರಿಗೂ ಉತ್ತರವಿದೆ: ಅಲಗು ತೆಳು, ಪದರಗಳಿಲ್ಲ, ತೆರೆದು ನೀರಿನಡಿ ಹಿಡಿದು ಒರೆಸಿದರೆ ಮುಗಿಯಿತು. ದಪ್ಪ ಬೆನ್ನಿನ ಚಾಕು ಸೇಬಿನೊಳಗೆ ಬೆಣೆಯ ಹಾಗೆ ಇಳಿದು ಹೋಳನ್ನು ಚಟ್ಟೆಂದು ಸೀಳುತ್ತದೆ. ಇದು ಸದ್ದಿಲ್ಲದೆ ಹೋಳು ಮಾಡುತ್ತದೆ, ಹೋಳಿನ ಮುಖ ನುಣುಪಾಗಿರುತ್ತದೆ.

ಮೂರನೇ ತಕರಾರಿಗೆ ಮಾತ್ರ ಒಪಿನೆಲ್ ಬಳಿ ಉತ್ತರವಿಲ್ಲ. ಅದನ್ನೂ ಉಗುರಿನಿಂದಲೇ ಎರಡು ಕೈ ಸೇರಿ ತೆರೆಯಬೇಕು. ಒಂದು ಕೈಯಲ್ಲಿ ಗಿಡ ಹಿಡಿದು ಇನ್ನೊಂದು ಕೈಯಲ್ಲಿ ಚಾಕು ಬಿಚ್ಚುವ ಕೆಲಸ ದಿನವೂ ಇರುವವರು ಅಮೆರಿಕದ ಸ್ಪೈಡರ್ಕೊ ಕಡೆ ನೋಡಬಹುದು. ಈ ಕಂಪನಿ 1981ರಲ್ಲಿ ತಂದ ವರ್ಕರ್ ಮಾದರಿಯಲ್ಲಿ ಅಲಗಿಗೆ ದುಂಡು ತೂತು, ಹಿಡಿಗೆ ಜೇಬಿನ ಕ್ಲಿಪ್ಪು ಎರಡೂ ಇದ್ದವು. ತೂತಿಗೆ ಹೆಬ್ಬೆರಳು ಕೊಟ್ಟು ತಳ್ಳಿದರೆ ಅಲಗು ತೆರೆಯುತ್ತದೆ. ಕ್ಲಿಪ್ಪಿನಿಂದ ಚಾಕು ಜೇಬಿನ ಅಂಚಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಬೀಗದ ಕೈಗಳ ನಡುವೆ ತಡಕಬೇಕಿಲ್ಲ. ಇಂದು ನೂರಾರು ಚಾಕುಗಳಲ್ಲಿ ಕಾಣುವ ಕ್ಲಿಪ್ಪಿನ ರೂಢಿ ಬೆಳೆದದ್ದು ಅಲ್ಲಿಂದ. ಅವರ ಡೆಲಿಕಾ ಮಾದರಿ ತಯಾರಾಗುವುದು ಜಪಾನಿನ ಸೆಕಿ ಎಂಬ ಚಾಕುಗಾರರ ಊರಿನಲ್ಲಿ. 70 ಗ್ರಾಂ ಆಸುಪಾಸಿನ ತೂಕ, ಬೆನ್ನಿನ ಚಿಲಕ, 7 ಸೆಂ.ಮೀ.ಗೆ ತುಸು ಮೀರಿದ ಅಲಗು. ಬೆಲೆಯಲ್ಲಿ ಒಪಿನೆಲ್‌ನ ಹಲವು ಪಟ್ಟು.

ಉಕ್ಕು ಆರಿಸುವಾಗ ಊರಿನ ಮಳೆ ನೆನಪಿರಲಿ

ಒಪಿನೆಲ್ ಆರಿಸಿದವರು ಇನ್ನೊಂದು ಕವಲಿಗೆ ಬಂದು ನಿಲ್ಲುತ್ತಾರೆ. ಅದೇ ಚಾಕು ಎರಡು ಉಕ್ಕುಗಳಲ್ಲಿ ಸಿಗುತ್ತದೆ. ಅಲಗಿನ ಮೇಲೆ ಕಾರ್ಬೋನ್ ಎಂದಿದ್ದರೆ ಅದು ಎಕ್ಸ್‌ಸಿ90 ಎಂಬ ಕಾರ್ಬನ್ ಉಕ್ಕು, ಶೇ 0.9ರಷ್ಟು ಇಂಗಾಲವುಳ್ಳದ್ದು. ಇನಾಕ್ಸ್ ಎಂದಿದ್ದರೆ ಸ್ವೀಡನ್ನಿನ 12ಸಿ27 ಎಂಬ ಸ್ಟೇನ್‌ಲೆಸ್ ಉಕ್ಕು. ಇಂಗಾಲ ಶೇ 0.6, ಕ್ರೋಮಿಯಂ ಶೇ 13.5ರ ಹತ್ತಿರ. ಇನಾಕ್ಸ್ ಎಂದರೆ ತುಕ್ಕು ಹಿಡಿಯದ್ದು ಎಂಬರ್ಥದ ಫ್ರೆಂಚ್ ಮಾತಿನ ಮೊಟಕು ರೂಪ. ಎಲ್ಸೆನರ್ ತಾಯಿಯ ಹೆಸರು ವಿಕ್ಟೋರಿಯಾ. ಆ ಹೆಸರಿಗೆ 1921ರಲ್ಲಿ ಇದೇ ಇನಾಕ್ಸ್ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಕ್ರೋಮಿಯಂ ಸಾಕಷ್ಟಿದ್ದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ನೀರು ಗಾಳಿ ಒಳಗೆ ಹೋಗದಂತೆ ತಡೆಯುತ್ತದೆ. ಕಾರ್ಬನ್ ಉಕ್ಕಿಗೆ ಆ ರಕ್ಷೆಯಿಲ್ಲ. ಇದನ್ನು ಕನ್ನಡದ ಅಡುಗೆಮನೆಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಅಜ್ಜಿಯ ಕಬ್ಬಿಣದ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಹೋಳು ಕಪ್ಪಾಗುತ್ತಿತ್ತು, ಈಳಿಗೆಯೂ ಕಪ್ಪಾಗುತ್ತಿತ್ತು, ಒರೆಸದೆ ಬಿಟ್ಟರೆ ಬೆಳಿಗ್ಗೆಗೆ ಕೆಂಪು ತುಕ್ಕು. ಆದರೆ ಆ ಈಳಿಗೆಯ ಹರಿತ ಎಂಥದ್ದೆಂದು ಬೆರಳು ಕುಯ್ದುಕೊಂಡ ಎಲ್ಲರಿಗೂ ಗೊತ್ತು. ಕಾರ್ಬನ್ ಅಲಗಿನ ಗುಣ ಅದೇ: ಕಲ್ಲಿಗೆ ನಾಲ್ಕು ಸಲ ಎಳೆದರೆ ಬಾಯಿ ಬರುತ್ತದೆ, ನಿಂಬೆಹಣ್ಣು ಹೆಚ್ಚಿದರೆ ಬೂದುನೀಲಿ ಕಲೆ ಏಳುತ್ತದೆ. ಆ ಕಲೆ ಕೆಡುಕಲ್ಲ. ದಿನ ಕಳೆದಂತೆ ಅಲಗಿಡೀ ಮಾಸಿದ ಬೂದು ಬಣ್ಣಕ್ಕೆ ತಿರುಗಿದ ಮೇಲೆ ತುಕ್ಕಿನ ಹಾವಳಿಯೂ ಸ್ವಲ್ಪ ತಗ್ಗುತ್ತದೆ. ಕೆಂಪು ಪುಡಿ ಕಂಡರೆ ಮಾತ್ರ ತಡಮಾಡದೆ ಉಜ್ಜಿ ತೆಗೆಯಬೇಕು.

ಇಲ್ಲಿ ಊರು ಮುಖ್ಯವಾಗುತ್ತದೆ. ವಿಜಯಪುರ, ಕಲಬುರಗಿಯ ಒಣಹವೆಯಲ್ಲಿ ಕಾರ್ಬನ್ ಅಲಗನ್ನು ಒರೆಸಿಟ್ಟರೆ ಸಾಕು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ, ಆಗುಂಬೆ ಮಡಿಕೇರಿಯ ಮಳೆಗಾಲದಲ್ಲಿ ಬೆವರಿದ ಜೇಬೊಂದೇ ಸಾಕು, ಒಂದೇ ದಿನದಲ್ಲಿ ಕಲೆ ಏಳುತ್ತದೆ. ಆ ಕಡೆಯವರು ದಿನವೂ ಒರೆಸಿ ಎಣ್ಣೆ ಹಚ್ಚುವ ಶಿಸ್ತಿದ್ದರೆ ಕಾರ್ಬನ್, ಇಲ್ಲದಿದ್ದರೆ ಕಣ್ಣು ಮುಚ್ಚಿ ಇನಾಕ್ಸ್ ತೆಗೆದುಕೊಳ್ಳಬೇಕು. ಎಣ್ಣೆಗೆ ಅಂಗಡಿ ಹುಡುಕಬೇಕಿಲ್ಲ, ಆಹಾರ ಮುಟ್ಟುವ ಅಲಗಿಗೆ ಒಂದು ಹನಿ ತೆಂಗಿನೆಣ್ಣೆ ಸಾಕು. ಹಲಸು ಬಿಡಿಸುವ ಮೊದಲು ಕತ್ತಿಗೆ ಹಚ್ಚುವುದೂ ಅದನ್ನೇ ಅಲ್ಲವೇ.

ಮಳೆಗಾಲದಲ್ಲಿ ಮರದ ಹಿಡಿಯದೂ ಒಂದು ಕಥೆ. ಒಪಿನೆಲ್ ಹಿಡಿ ಬೀಚ್ ಮರದ್ದು, ತೇವ ಕುಡಿದರೆ ಉಬ್ಬುತ್ತದೆ. ಉಬ್ಬಿದಾಗ ಅಲಗು ಹಿಡಿಯೊಳಗೆ ಸಿಕ್ಕಿಕೊಂಡು ಉಗುರು ಕಿತ್ತರೂ ಹೊರಬರುವುದಿಲ್ಲ. ಸವೊಯಿಯ ರೈತರು ಇದಕ್ಕೆ ಕಂಡುಕೊಂಡ ಉಪಾಯ ‘ಸವೊಯಿಯ ಏಟು’ ಎಂದೇ ಹೆಸರಾಗಿದೆ: ಉಂಗುರ ಬಿಡಿಸಿ, ಹಿಡಿಯ ಹಿಂಬದಿಯ ಮೂಲೆಯನ್ನು ಮೇಜಿಗೆ ಟಕ್ಕೆಂದು ಕುಟ್ಟಿದರೆ ಅಲಗಿನ ಮೊನೆ ಹೊರಗೆ ಇಣುಕುತ್ತದೆ, ಅದನ್ನು ಚಿವುಟಿ ಹಿಡಿದು ತೆರೆಯಬಹುದು. ನೆರಳಿನಲ್ಲಿ ಎರಡು ದಿನ ತೆರೆದಿಟ್ಟರೆ ಮರ ಮೊದಲಿನ ಅಳತೆಗೆ ಬರುತ್ತದೆ.

ಗಡಸುತನದ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಚಾಕುವಿನ ಉಕ್ಕಿನ ಗಡಸನ್ನು ರಾಕ್‌ವೆಲ್ ಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ವಿಕ್ಟೋರಿನಾಕ್ಸ್ ತನ್ನ ಅಲಗುಗಳನ್ನು 56ರಲ್ಲಿ ನಿಲ್ಲಿಸುತ್ತದೆ, ಡೆಲಿಕಾದ ವಿಜಿ-10 ಉಕ್ಕು 60ರ ಆಸುಪಾಸು. ಮೇಲಕ್ಕೆ ಹೋದಂತೆ ಹರಿತ ಹೆಚ್ಚು ದಿನ ಉಳಿಯುತ್ತದೆ, ಆದರೆ ಮೊಂಡಾದ ಮೇಲೆ ಮಸೆಯಲು ಹೆಚ್ಚು ಹೊತ್ತು ಬೇಕು, ಗಟ್ಟಿ ವಸ್ತುವಿಗೆ ತಗುಲಿದರೆ ಬಾಯಿ ಚಕ್ಕೆ ಏಳುವ ಭಯವೂ ಹೆಚ್ಚು. ಚೀನಾದಿಂದ ಬರುವ ಮಧ್ಯಮ ಬೆಲೆಯ ಚಾಕುಗಳಲ್ಲಿ ಕಾಣುವ ಡಿ2 ಉಕ್ಕಿನಲ್ಲಿ ಶೇ 12ರಷ್ಟು ಕ್ರೋಮಿಯಂ ಇದ್ದರೂ ಅದರ ಒಂದು ಪಾಲನ್ನು ಶೇ 1.5ರಷ್ಟಿರುವ ಇಂಗಾಲ ಹಿಡಿದಿಟ್ಟುಕೊಳ್ಳುವುದರಿಂದ ಪೂರ್ತಿ ತುಕ್ಕುನಿರೋಧಕವಲ್ಲ. ಕರಾವಳಿಯವರು ಅದನ್ನು ಸ್ಟೇನ್‌ಲೆಸ್ ಎಂದು ನಂಬಬಾರದು. ಮನೆಯಲ್ಲಿ ಸಾಮಾನ್ಯ ಸಾಣೆಕಲ್ಲು ಮಾತ್ರ ಇರುವವರಿಗೆ 56ರಿಂದ 58ರ ನಡುವಿನ ಉಕ್ಕೇ ಸುಖ.

ಬೇರೆ ಹೆಸರು, ಅದೇ ಮನೆ

ಬೇರೆ ಕಂಪನಿಯದೇ ಬೇಕೆಂದು ಹೊರಟವರು ಹೆಸರಿನ ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳಬೇಕು. ಸ್ವಿಸ್ ಸೈನ್ಯಕ್ಕೆ ದಶಕಗಳ ಕಾಲ ಚಾಕು ಕೊಟ್ಟ ಇನ್ನೊಂದು ಕಂಪನಿ ವೆಂಗರ್. ಅದನ್ನು 2005ರಲ್ಲಿ ವಿಕ್ಟೋರಿನಾಕ್ಸ್ ಕೊಂಡುಕೊಂಡಿತು. ಅಮೆರಿಕದ ಕೇಸ್ ಚಾಕು 1993ರಿಂದ ಲೈಟರಿನ ಜಿಪ್ಪೊ ಒಡೆತನದಲ್ಲಿದೆ. ಕರ್ಶಾ ಮತ್ತು ಜೀರೊ ಟಾಲರೆನ್ಸ್ ಎರಡೂ ಜಪಾನಿನ ಕೈ ಸಮೂಹದವು. ಸಿವಿವಿ ಎಂಬುದು ಚೀನಾದ ಯಾಂಗ್‌ಜಿಯಾಂಗ್ ನಗರದ ವಿ ನೈಫ್ ಕಂಪನಿಯ ಕಡಿಮೆ ಬೆಲೆಯ ಸಾಲು. ಜರ್ಮನಿಯ ಹಳೆಯ ಹೆಸರಿದ್ದರೂ ಕೆಲವು ಸಾಲುಗಳು ತಯಾರಾಗುವುದು ಏಷ್ಯಾದಲ್ಲಿ. ಇದರಲ್ಲಿ ಮೋಸವೇನಿಲ್ಲ, ಯಾಂಗ್‌ಜಿಯಾಂಗ್‌ನಲ್ಲಿ ಇಂದು ಬಹಳ ಅಚ್ಚುಕಟ್ಟಾದ ಚಾಕು ಮಾಡುತ್ತಾರೆ. ಆದರೆ ಯಾವ ಊರಿನ ಕೆಲಸಕ್ಕೆ ಎಷ್ಟು ಬೆಲೆ ಕೊಡುತ್ತಿದ್ದೇವೆ ಎಂಬುದು ಕೊಳ್ಳುವವರಿಗೆ ತಿಳಿದಿರಬೇಕು.

ನಕಲಿಯ ಹಾವಳಿಯೂ ಇದೆ. ಅಲಗಿನ ಬುಡದ ಮುದ್ರೆ ಓದುವುದು ಮೊದಲ ಪರೀಕ್ಷೆ. ಒಪಿನೆಲ್ ಅಲಗಿನ ಮೇಲೆ ಕಿರೀಟ ಹೊತ್ತ ಕೈಯ ಚಿತ್ರವಿರುತ್ತದೆ. 1909ರಿಂದ ಬಳಕೆಯಲ್ಲಿರುವ ಈ ಗುರುತಿನಲ್ಲಿ ಕೈ ಹತ್ತಿರದ ಸೇಂಟ್ ಜಾನ್ ದ ಮೊರಿಯೆನ್ ಊರಿನದು, ಕಿರೀಟ ಸವೊಯಿಯ ದೊರೆತನದ್ದು. ಮುದ್ರೆ ಮಸುಕಾಗಿದ್ದರೆ, ಅಕ್ಷರ ಸೊಟ್ಟಗಿದ್ದರೆ, ಬೆಲೆ ಉಳಿದ ಕಡೆಯ ಕಾಲುಭಾಗವಿದ್ದರೆ ಕೊಳ್ಳದೆ ಬರುವುದು ಲೇಸು.

ಕೈಯಲ್ಲಿ ಹಿಡಿದು ನೋಡುವ ಹೊತ್ತು

ಅಂಗಡಿಯಲ್ಲಾದರೂ ಸರಿ, ಆನ್‌ಲೈನ್ ಪೆಟ್ಟಿಗೆ ಬಿಚ್ಚಿದ ಮನೆಯಲ್ಲಾದರೂ ಸರಿ, ಮೊದಲ ಹತ್ತು ನಿಮಿಷ ಪರೀಕ್ಷೆಗೆ ಮೀಸಲು. ಹಿಂತಿರುಗಿಸುವ ಅವಧಿ ಮುಗಿಯುವವರೆಗೆ ಹೊಲಕ್ಕಾಗಲಿ ಅಡುಗೆಮನೆಗಾಗಲಿ ಒಯ್ಯಬಾರದು. ಮಡಿಸಿದ ಚಾಕುವನ್ನು ಕೆಳಮುಖವಾಗಿ ಅಲುಗಿಸಿದಾಗ ಅಲಗು ತಾನಾಗಿ ಜಾರಬಾರದು. ಮೇಲಿನಿಂದ ನೋಡಿದರೆ ಅಲಗು ಹಿಡಿಯ ನಡುವೆ ಕೂತಿರಬೇಕು. ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ ಕೀಲು ಸೊಟ್ಟಗಿದೆ ಎಂದರ್ಥ. ತೆರೆದು ಚಿಲಕ ಹಾಕಿ ಅಲಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸಬೇಕು. ಟಕಟಕ ಸದ್ದು ಬಂದರೆ ಆಟ ಇದೆ, ಬದಲಾಯಿಸಿಕೊಳ್ಳಬೇಕು. ಚಿಲಕದ ಪರೀಕ್ಷೆಗೆ ಬೆನ್ನನ್ನು ಮೇಜಿನ ಅಂಚಿಗೆ ಹದವಾಗಿ ಒತ್ತಿದರೆ ಸಾಕು, ಬೆರಳುಗಳು ಅಲಗಿನ ದಾರಿಯಿಂದ ದೂರವಿರಬೇಕು. ಕುಟ್ಟಿ ನೋಡುವ ಅಭ್ಯಾಸ ಒಳ್ಳೆಯ ಚಿಲಕವನ್ನೂ ಕೆಡಿಸುತ್ತದೆ.

ಹಿಡಿ ಕೈಗೆ ಹೊಂದಬೇಕು. ನಾಲ್ಕೂ ಬೆರಳು ಕೂರುತ್ತವೆಯೇ, ಅಂಗೈಗೆ ಮೂಲೆ ಚುಚ್ಚುತ್ತದೆಯೇ ಎಂಬುದು ಖಾಲಿ ಹಿಡಿದಾಗ ತಿಳಿಯದು. ಒಂದು ರಟ್ಟನ್ನು ಹತ್ತು ಸಲ ಸೀಳಿದಾಗ ತಿಳಿಯುತ್ತದೆ. ಆಮೇಲೆ ದಿನಾ ಹಾಕುವ ಬಟ್ಟೆಯ ಜೇಬಿನಲ್ಲಿಟ್ಟು, ಕೂತು, ಎದ್ದು, ಸ್ಕೂಟರ್ ಹತ್ತಿ ನೋಡಬೇಕು. ತೊಡೆಗೆ ಒತ್ತಿದ ಚಾಕು ಮೂರನೇ ದಿನ ಮನೆಯಲ್ಲೇ ಉಳಿಯುತ್ತದೆ.

ಮೊದಲ ತಿಂಗಳು

ಹೊಸ ಚಾಕು ಬಂತೆಂದು ಹಳೆಯದನ್ನು ಎತ್ತಿಡುವ ಅಗತ್ಯವಿಲ್ಲ. ಕೆಲಸ ಹಂಚಿಕೊಡುವುದೇ ಒಳ್ಳೆಯ ವ್ಯವಸ್ಥೆ. ತಿರುಪು, ಟೇಪು, ಬಾಟಲಿ, ಚೀಲ ಇವು ಸ್ಪಾರ್ಟನ್ ಪಾಲಿಗೆ. ಹಣ್ಣು, ತರಕಾರಿ, ರೊಟ್ಟಿ ಒಪಿನೆಲ್ ಪಾಲಿಗೆ. ಎರಡನ್ನೂ ಒಂದೇ ಜೇಬಿನಲ್ಲಿ ಹಾಕಿದರೆ ಮರದ ಹಿಡಿ ಗೀಚಿಹೋಗುತ್ತದೆ, ಊಟದ ಚಾಕು ಟಿಫಿನ್ ಚೀಲದಲ್ಲಿರಲಿ.

ಮೊದಲ ಬಾರಿ ಹರಿತ ತಗ್ಗಿದಾಗ ಬೇರೆಯವರ ಕೈಗೆ ಕೊಡದೆ ತಾವೇ ಮಸೆಯುವುದು ಕಲಿಯುವವರಿಗೆ ಒಳ್ಳೆಯದು. ವಿಕ್ಟೋರಿನಾಕ್ಸ್ ತನ್ನ ಅಲಗುಗಳಿಗೆ ಪ್ರತಿ ಮಗ್ಗುಲಿಗೆ 15ರಿಂದ 20 ಡಿಗ್ರಿ ಕೋನ ಹೇಳುತ್ತದೆ. ಆ ಕೋನ ಕಣ್ಣಿಗೆ ತಿಳಿಯಲು ಒಂದು ಕಾಗದದ ಮೂಲೆ ಸಾಕು: ಮೂಲೆ 90 ಡಿಗ್ರಿ, ಒಮ್ಮೆ ಸರಿಯಾಗಿ ಮಡಿಸಿದರೆ 45, ಇನ್ನೊಮ್ಮೆ ಮಡಿಸಿದರೆ 22.5. ಆ ಮಡಿಕೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಅಲಗಿನ ಬೆನ್ನನ್ನು ಅದಕ್ಕಿಂತ ಒಂದು ಕೂದಲೆಳೆ ಕೆಳಗಿಟ್ಟರೆ ಕೋನ ಸಿಕ್ಕಿತು. 1000 ನಂಬರಿನ ನುಣುಪು ಕಲ್ಲಿಗೆ ನೀರು ಚಿಮುಕಿಸಿ, ಬುಡದಿಂದ ಮೊನೆಯವರೆಗೆ ಒಂದೇ ಒತ್ತಡದಲ್ಲಿ ಎಳೆಯಬೇಕು. ಒಂದು ಮಗ್ಗುಲಿಗೆ ಎಳೆದಷ್ಟೇ ಸಲ ಇನ್ನೊಂದು ಮಗ್ಗುಲಿಗೂ. ಬಾಯಿಯ ಆಚೆ ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಹೊರಕ್ಕೆ ಸವರಿದಾಗ ಸಣ್ಣ ಒರಟು ತಗುಲಿದರೆ ಕಲ್ಲು ತನ್ನ ಕೆಲಸ ಮಾಡಿದೆ. ಆ ಒರಟನ್ನು ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದು ತೆಗೆಯಬೇಕು. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಅಲಗು ತಾಗಿಸಿದರೆ ಹರಿಯದೆ ಸೀಳಬೇಕು. ಎಲ್ಲಿ ತಡೆಯುತ್ತದೋ ಆ ಭಾಗ ಇನ್ನೂ ಮೊಂಡಾಗಿದೆ.

ಅಕ್ಕಿಗಿರಣಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರಗಳ ಜೊತೆ ಜೇಬಿನ ಚಾಕುವನ್ನೂ ಆಯುಧಪೂಜೆಗೆ ಇಡುವ ಮನೆಗಳು ಬಹಳ. ವರ್ಷದ ಸರ್ವೀಸಿಂಗಿಗೆ ಆ ಹಿಂದಿನ ದಿನವೇ ತಕ್ಕದ್ದು. ಸ್ಪಾರ್ಟನ್ ಉಪಕರಣಗಳನ್ನೆಲ್ಲ ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಆಡಿಸಿ, ಒಣಗಿಸಿ, ಪ್ರತಿ ಕೀಲಿಗೆ ಒಂದೊಂದು ಹನಿ ಎಣ್ಣೆ ಬಿಡಬೇಕು. ಮರದ ಹಿಡಿಯದನ್ನು ನೀರಿನಲ್ಲಿ ಮುಳುಗಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಂಗುರದ ಸಂದಿನ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆದರೆ ಆಯಿತು. ಕಾರ್ಬನ್ ಅಲಗಾದರೆ ಅರಿಶಿನ ಕುಂಕುಮ ಹಚ್ಚುವ ಮೊದಲೇ ತೆಂಗಿನೆಣ್ಣೆ ಸವರಿರಬೇಕು, ನಿಂಬೆಹೋಳನ್ನು ಅದರ ಮೇಲೆ ಹಿಂಡಬಾರದು, ಒದ್ದೆ ಕುಂಕುಮವನ್ನು ರಾತ್ರಿಗೆ ಮೊದಲು ಒರೆಸಿಬಿಡಬೇಕು. ಬೆಳಗಿನವರೆಗೆ ಬಿಟ್ಟರೆ ಬೊಟ್ಟಿನ ಜಾಗದಲ್ಲಿ ತುಕ್ಕಿನ ದುಂಡು ಕಲೆ ಎದ್ದಿರುತ್ತದೆ, ಅದನ್ನು ತೆಗೆಯಲು ಮತ್ತೆ ಕಲ್ಲು ಹಿಡಿಯಬೇಕಾಗುತ್ತದೆ.